ಶಿವಮೊಗ್ಗದಲ್ಲಿ ಆರ್-134ಎ ಆವಿ ಒತ್ತಡ ಅಳೆದಿದ್ದೇವೆ, ಟೇಬಲ್‌ಗಿಂತ ಜಾಸ್ತಿ ಬರುತ್ತಿದೆ. ಯಾಕೆ?

ತುಂಗೆ ದಡ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ಆರ್-134ಎ ಗ್ಯಾಸಿನ ಗುಣಗಳನ್ನು ಅಳೆಯೋಣ ಅಂತ ಹೊರಟಿದ್ದೇವೆ. ಕಾರಿನ ಏಸಿಗೂ ಫ್ರಿಜ್ಜಿಗೂ ಹಾಕುತ್ತಾರಲ್ಲ, ಅದೇ ಗ್ಯಾಸ್.

ನಮ್ಮ ಏರ್ಪಾಡು ಸರಳ. ಒಂದು ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ. ಕಾಲೇಜಿನ ಹಳೇ ಪಂಪಿನಿಂದ ಗಾಳಿ ಎಳೆದು, ಸುಮಾರು 100 ಗ್ರಾಂ ಗ್ಯಾಸ್ ತುಂಬಿದೆವು. ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಉಷ್ಣಾಂಶ ನಿಂತ ಮೇಲೆ ಗೇಜ್ ಓದುತ್ತೇವೆ. ಗೇಜ್ ತೋರಿಸಿದ್ದಕ್ಕೆ ವಾತಾವರಣದ 101.3 ಕಿಲೊಪಾಸ್ಕಲ್ ಸೇರಿಸಿದ್ದೇವೆ. ಬಂದದ್ದು ಇಷ್ಟು (ಎಲ್ಲ ಕಿಲೊಪಾಸ್ಕಲ್‌ನಲ್ಲಿ; ಟೇಬಲ್ ಅಂದರೆ ಪುಸ್ತಕದಲ್ಲಿ ಕೊಟ್ಟಿರುವ ಆರ್-134ಎ ಗುಣಗಳ ಪಟ್ಟಿ):

0 ಡಿಗ್ರಿಯಲ್ಲಿ 324 (ಟೇಬಲ್ 292.8)
20 ಡಿಗ್ರಿಯಲ್ಲಿ 605 (ಟೇಬಲ್ 571.7)
40 ಡಿಗ್ರಿಯಲ್ಲಿ 1052 (ಟೇಬಲ್ 1016.6)

ಒತ್ತಡದ ಲಾಗ್ ಒಂದು ಕಡೆ, 1/ಟಿ (ಟಿ ಅಂದರೆ ಕೆಲ್ವಿನ್‌ನಲ್ಲಿ ಉಷ್ಣಾಂಶ) ಇನ್ನೊಂದು ಕಡೆ ಇಟ್ಟು ಗೆರೆ ಎಳೆದೆವು. ಉಷ್ಣಾಂಶದ ಜೊತೆ ಒತ್ತಡ ಏರುವ ಬಗೆಯಿಂದ ಗುಪ್ತೋಷ್ಣ (ದ್ರವ ಆವಿಯಾಗಲು ಬೇಕಾದ ಶಾಖ) ತೆಗೆಯುವ ಕ್ಲೌಸಿಯಸ್-ಕ್ಲಾಪೆರಾನ್ ಸೂತ್ರದಿಂದ ಕಿಲೋಗೆ 205 ಕಿಲೊಜೂಲ್ ಬಂತು. ಟೇಬಲ್‌ನಲ್ಲಿ 20 ಡಿಗ್ರಿಗೆ 182 ಇದೆ. ಶೇಕಡಾ 13ರಷ್ಟು ವ್ಯತ್ಯಾಸ. ಲ್ಯಾಬಿನಲ್ಲಿ "ಇಷ್ಟು ಬಂದರೆ ಸಾಕು, ಬರೆದು ಮುಗಿಸಿ" ಅನ್ನುತ್ತಿದ್ದಾರೆ. ನನಗೆ ಸಮಾಧಾನ ಇಲ್ಲ. ಒತ್ತಡ ಎಲ್ಲ ಕಡೆ ಮೂವತ್ತಕ್ಕೂ ಜಾಸ್ತಿ ಯಾಕೆ ಬರುತ್ತಿದೆ ಅಂತ ಗೊತ್ತಾಗಬೇಕು. ಗೇಜ್ ಹಾಳಾಗಿದೆಯಾ?

ಸಾಗರದ ಕಂಪ್ರೆಸರ್:

ತಮ್ಮಾ, ಗೇಜನ್ನು ಬೈಯೋ ಮೊದಲು ಒಂದು ವಿಷಯ ಹೇಳು. ವ್ಯಾಕ್ಯೂಮ್ ಹೊಡೆದಾಗ ಗೇಜ್ ಎಷ್ಟು ಇಂಚಿಗೆ (ಪಾದರಸದ ಇಂಚು) ನಿಂತಿತ್ತು?

ನಾನು ಇಪ್ಪತ್ತು ವರ್ಷಕ್ಕೂ ಮೇಲಿಂದ ಫ್ರಿಜ್, ಏಸಿ ರಿಪೇರಿ ಮಾಡುತ್ತಿದ್ದೇನೆ. ಒತ್ತಡ ಜಾಸ್ತಿ ತೋರಿಸಿದರೆ ನಮಗೆ ಮೊದಲು ಬರೋ ಅನುಮಾನ ಒಳಗೆ ಗಾಳಿ ಇದೆ ಅಂತಲೇ. ಕಂಡೆನ್ಸರ್ ಸುಡುತ್ತಿರುತ್ತದೆ, ಹೈ ಸೈಡ್ ಮೇಲೇರುತ್ತದೆ, ಕೂಲಿಂಗ್ ಮಾತ್ರ ಇರಲ್ಲ. ಗಾಳಿ ದ್ರವ ಆಗಲ್ಲ. ಮೇಲೆ ಕೂತುಬಿಡುತ್ತದೆ.

ತುಂಗೆ ದಡ:

ಅಣ್ಣ, ನಮ್ಮ ಪಂಪ್ 20 ಇಂಚಿಗೆ ನಿಲ್ಲುತ್ತದೆ. ಎಷ್ಟು ಹೊತ್ತು ಓಡಿಸಿದರೂ ಅದಕ್ಕಿಂತ ಕೆಳಗೆ ಹೋಗುವುದಿಲ್ಲ.

ಸಾಗರದ ಕಂಪ್ರೆಸರ್:

ಹಾಗಾದರೆ ಉತ್ತರ ಸಿಕ್ಕಿತು. ನಮ್ಮೂರ ಕಡೆ ಪೂರ್ತಿ ವ್ಯಾಕ್ಯೂಮ್ ಆದರೆ ಗೇಜ್ ಸುಮಾರು 28 ಇಂಚು ತೋರಿಸಬೇಕು. ಗೇಜಿನ ಮುಖದ ಮೇಲೆ 30 ಅಂತ ಬರೆದಿರುತ್ತದೆ, ಆದರೆ ಅದು ಸಮುದ್ರದ ಮಟ್ಟದ ಲೆಕ್ಕ. ಹೊಸ ಹುಡುಗರು ಮಂಗಳೂರಿನಲ್ಲಿ ಕೆಲಸ ಕಲಿತು ಬಂದು, ಇಲ್ಲಿ ಪಂಪ್ ಹಾಳಾಗಿದೆ ಅಂತ ಬಿಚ್ಚಿ ಕೂರುತ್ತಾರೆ. ಪಂಪ್ ಸರಿಯಾಗೇ ಇರುತ್ತದೆ. ನಿಮ್ಮದು 20ಕ್ಕೇ ನಿಂತಿದೆ ಅಂದರೆ ಒಳಗೆ ಇನ್ನೂ 8 ಇಂಚಿನಷ್ಟು ಗಾಳಿ ಉಳಿದಿದೆ. ಅದರ ಮೇಲೇ ಗ್ಯಾಸ್ ತುಂಬಿದ್ದೀರಿ.

ತೀರ್ಥಹಳ್ಳಿ ಮೇಷ್ಟ್ರು:

ಸಾಗರದವರು ಸರಿಯಾಗಿ ಹಿಡಿದರು. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಿವೃತ್ತನಾದವನು. ಅವರ ಮಾತನ್ನು ಅಂಕಿಯಲ್ಲಿ ಇಡುತ್ತೇನೆ, ತಾಳ್ಮೆಯಿಂದ ಓದಿ. ಇಲ್ಲಿ ಬೇರೆ ಬೇರೆ ಕಾರಣಗಳು ಒಂದರ ಮೇಲೊಂದು ಕೂತಿವೆ. ಬಿಡಿಸಿದರೆ ಮಾತ್ರ ವಿಷಯ ಕಾಣುತ್ತದೆ.

ಮೊದಲು ಎತ್ತರ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಇಲ್ಲಿ ವಾತಾವರಣದ ಒತ್ತಡ 101.3 ಅಲ್ಲ, 94.7 ಕಿಲೊಪಾಸ್ಕಲ್ ಆಸುಪಾಸು. ನಿಮ್ಮ ಗೇಜ್ ಅಳೆಯುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಹಾಗಾಗಿ ಇಲ್ಲಿನ ಹೊರಗಿನ ಒತ್ತಡವನ್ನೇ ಸೇರಿಸಬೇಕು. ಅಲ್ಲಿಗೆ 6.6 ಕಳೆಯಿತು. ಈಗ 317.4, 598.4, 1045.4.

ಟೇಬಲ್‌ಗಿಂತ ಎಷ್ಟು ಜಾಸ್ತಿ ಉಳಿಯಿತು ನೋಡಿ: 24.6, 26.7, 28.8. ಇದು ಗೇಜಿನ ತಪ್ಪಾಗಿದ್ದರೆ ಹೀಗೆ ಏರುತ್ತಿರಲಿಲ್ಲ. 273 ಕೆಲ್ವಿನ್‌ನಿಂದ 313 ಕೆಲ್ವಿನ್‌ಗೆ ಹೋದರೆ ಗಾಳಿಯ ಒತ್ತಡ ಶೇಕಡಾ 15ರಷ್ಟು ಏರಬೇಕು. ಇಲ್ಲಿ ಹೆಚ್ಚುಕಡಿಮೆ ಹಾಗೇ ಏರಿದೆ. 20 ಇಂಚಿಗೆ ನಿಂತ ಪಂಪಿನ ಲೆಕ್ಕ ಹಾಕಿ. 20 ಇಂಚು ಪಾದರಸ ಅಂದರೆ 67.7 ಕಿಲೊಪಾಸ್ಕಲ್. 94.7ರಲ್ಲಿ ಅದನ್ನು ಕಳೆದರೆ 27. ಕೋಣೆಯ ಬಿಸಿಯಲ್ಲಿ 27 ಇದ್ದದ್ದು 0 ಡಿಗ್ರಿಗೆ ತಂದರೆ 25ರ ಹತ್ತಿರ ಬರುತ್ತದೆ. ಎರಡು ದಾರಿಯಲ್ಲಿ ಹೋದರೂ ಒಂದೇ ಜಾಗಕ್ಕೆ ಬಂದೆವು. ಗೇಜ್ ಚೆನ್ನಾಗಿದೆ. ಒಳಗಿರುವುದು ಗಾಳಿ.

ಇದನ್ನು ಟೇಬಲ್ ಇಲ್ಲದೆಯೂ ಪತ್ತೆ ಮಾಡಬಹುದು. ಅದೇ ಪಾತ್ರೆಗೆ ಇನ್ನಷ್ಟು ಗ್ಯಾಸ್ ತುಂಬಿ, ಒಟ್ಟು ಅರ್ಧ ಕಿಲೋ ಮಾಡಿ. ಶುದ್ಧ ವಸ್ತುವಾದರೆ ದ್ರವ ಎಷ್ಟೇ ಇರಲಿ, ಅದೇ ಉಷ್ಣಾಂಶಕ್ಕೆ ಅದೇ ಒತ್ತಡ. ಗಾಳಿ ಇದ್ದರೆ ದ್ರವ ಜಾಗ ಹಿಡಿದುಕೊಂಡಷ್ಟೂ ಗಾಳಿ ಒತ್ತಿಕೊಂಡು ಒತ್ತಡ ಏರುತ್ತದೆ. ಶುದ್ಧತೆ ನೋಡಲು ಇದಕ್ಕಿಂತ ಸುಲಭ ಪರೀಕ್ಷೆ ನನಗೆ ಗೊತ್ತಿಲ್ಲ.

ತುಂಗೆ ದಡ:

ಸರ್, ತುಂಬಾ ಥ್ಯಾಂಕ್ಸ್. ಒಂದು ಪ್ರಶ್ನೆ. ಮೊಬೈಲಿನ ಹವಾಮಾನ ಆಪ್ ಶಿವಮೊಗ್ಗಕ್ಕೆ 1010 ಹೆಕ್ಟೊಪಾಸ್ಕಲ್ ತೋರಿಸುತ್ತದೆ. ಅಂದರೆ 101 ಕಿಲೊಪಾಸ್ಕಲ್. ನೀವು 94.7 ಅನ್ನುತ್ತೀರಿ.

ಕೊಪ್ಪದಿಂದ ಬೆಂಗಳೂರಿಗೆ:

ಆಪ್ ತೋರಿಸುವುದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಊರು ಊರುಗಳನ್ನು ಹೋಲಿಸಿ ನಕ್ಷೆ ಬರೆಯಲು ಅವರಿಗೆ ಅದು ಬೇಕು. ನಿಮಗೆ ಬೇಕಾದ್ದು ನಿಮ್ಮ ಲ್ಯಾಬಿನಲ್ಲಿ ನಿಜಕ್ಕೂ ಇರುವ ಒತ್ತಡ. ಫಿಸಿಕ್ಸ್ ಲ್ಯಾಬಿನಲ್ಲಿ ಪಾದರಸದ ಬಾರೊಮೀಟರ್ ಇದ್ದರೆ ಅದನ್ನೇ ಓದಿ. ಕೆಲವು ಮೊಬೈಲುಗಳಲ್ಲಿ ಬಾರೊಮೀಟರ್ ಸೆನ್ಸರ್ ಇರುತ್ತದೆ. ಅದರ ಕಚ್ಚಾ ರೀಡಿಂಗ್ ತೋರಿಸುವ ಆಪ್ ಬೇರೆ ಸಿಗುತ್ತದೆ. ನೀರು ಕುದಿಸಿಯೂ ನೋಡಬಹುದು. ಶಿವಮೊಗ್ಗದಲ್ಲಿ ಅದು 98 ಡಿಗ್ರಿ ದಾಟುತ್ತಿದ್ದ ಹಾಗೇ ಕುದಿಯುತ್ತದೆ. ಹಾಗಾಗಿ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿಟ್ಟು 100 ಅಂತ ಗುರುತು ಹಾಕಿಕೊಳ್ಳಬೇಡಿ.

ನಾನು ಕಂಪ್ರೆಸರ್ ಪರೀಕ್ಷೆ ಮಾಡುವ ಕಡೆ ಕೆಲಸ ಮಾಡುತ್ತೇನೆ. ನಿಮ್ಮ ಅಂಕಿಗಳಲ್ಲಿ ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಅದನ್ನು ಮೇಷ್ಟ್ರು ಹೇಳಿದರೇ ಚೆಂದ. ಸರ್, ಗಾಳಿ ತೆಗೆದ ಮೇಲೆ ಗುಪ್ತೋಷ್ಣ ಎಷ್ಟು ಬರುತ್ತದೆ ಅಂತ ಹೇಳಿಬಿಡಿ.

ತೀರ್ಥಹಳ್ಳಿ ಮೇಷ್ಟ್ರು:

ಹೇಳುತ್ತೇನೆ. ಈ ಇಡೀ ಪ್ರಾಜೆಕ್ಟಿನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ ಇದೇ.

ಟೇಬಲ್‌ನ ಶುದ್ಧ ಅಂಕಿಗಳನ್ನೇ ತಗೊಳ್ಳಿ, 292.8 ಮತ್ತು 1016.6. ಅದೇ ಸೂತ್ರಕ್ಕೆ ಹಾಕಿ. ಲಾಗ್ ವ್ಯತ್ಯಾಸ 1.245. 1/ಟಿ ವ್ಯತ್ಯಾಸ 0.0004676. ಭಾಗಿಸಿದರೆ 2662. ಅದನ್ನು 8.314ರಿಂದ ಗುಣಿಸಿ, ಅಣುತೂಕ 102.03ರಿಂದ ಭಾಗಿಸಿ. ಕಿಲೋಗೆ 217 ಕಿಲೊಜೂಲ್.

217! ಗಾಳಿ ತುಂಬಿದ ಪಾತ್ರೆಯಲ್ಲಿ 205 ಬಂದಿತ್ತು. ನಿಜವಾದ ಬೆಲೆ 182. ಅಂದರೆ ಪಾತ್ರೆ ಶುದ್ಧ ಮಾಡಿದರೆ ಉತ್ತರ ಇನ್ನೂ ದೂರ ಹೋಗುತ್ತದೆ. "ಇಷ್ಟು ಬಂದರೆ ಸಾಕು" ಅಂತ 205ಕ್ಕೆ ನಿಲ್ಲಿಸಬಾರದು ಅಂತ ನಾನು ಹೇಳುವುದು ಇದಕ್ಕೇ. ಅಲ್ಲಿ ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಟ್ಟಿದೆ.

ಮುಚ್ಚಿಕೊಂಡಿದ್ದ ಆ ತಪ್ಪು ಸೂತ್ರದೊಳಗಿದೆ. ಲಾಗ್ ಮತ್ತು 1/ಟಿ ಗೆರೆಯಿಂದ ನೇರವಾಗಿ ಗುಪ್ತೋಷ್ಣ ತೆಗೆಯುವಾಗ ನಾವು ಎರಡು ಊಹೆ ಮಾಡಿರುತ್ತೇವೆ. ಆವಿ ಆದರ್ಶ ಅನಿಲದ ಹಾಗೆ, ಅಂದರೆ ಅಣುಗಳು ಒಂದನ್ನೊಂದು ಎಳೆಯದ ಅನಿಲದ ಹಾಗೆ, ನಡೆದುಕೊಳ್ಳುತ್ತದೆ ಅನ್ನುವುದು ಒಂದು. ದ್ರವ ಹಿಡಿಯುವ ಜಾಗ ಲೆಕ್ಕಕ್ಕಿಲ್ಲ ಅನ್ನುವುದು ಇನ್ನೊಂದು. ನೀರಿನ ಆವಿಗೆ ಕೋಣೆಯ ಉಷ್ಣಾಂಶದಲ್ಲಿ ಇದು ನಡೆಯುತ್ತದೆ, ಅಲ್ಲಿ ಒತ್ತಡ ತೀರಾ ಕಡಿಮೆ. ಆರ್-134ಎ 20 ಡಿಗ್ರಿಯಲ್ಲಿ ವಾತಾವರಣದ ಐದಾರು ಪಟ್ಟು ಒತ್ತಡದಲ್ಲಿರುತ್ತದೆ. ಅಣುಗಳು ಹತ್ತಿರ ಇರುತ್ತವೆ, ಒಂದನ್ನೊಂದು ಎಳೆಯುತ್ತವೆ.

ಲೀಟರಿನಲ್ಲಿ ಹೇಳುತ್ತೇನೆ. 20 ಡಿಗ್ರಿಯಲ್ಲಿ ಒಂದು ಕಿಲೋ ಆವಿ ಆದರ್ಶ ಅನಿಲವಾಗಿದ್ದರೆ 41.8 ಲೀಟರ್ ಜಾಗ ಹಿಡಿಯಬೇಕು. ನಿಜವಾಗಿ ಹಿಡಿಯುವುದು 36.0 ಲೀಟರ್. ಒಂದು ಕಿಲೋ ದ್ರವಕ್ಕೆ 0.8 ಲೀಟರ್. ಅಂದರೆ ದ್ರವ ಆವಿಯಾದಾಗ ಹಿಗ್ಗುವುದು 35.2 ಲೀಟರ್ ಮಾತ್ರ. 35.2 ಭಾಗಿಸು 41.8 ಅಂದರೆ 0.842. ಇದನ್ನು 217ಕ್ಕೆ ಗುಣಿಸಿ ನೋಡಿ. 182.7.

ಲಾಗ್ ಇಲ್ಲದೆಯೂ ಇದೇ ಉತ್ತರ ತೆಗೆಯಬಹುದು. 15 ಡಿಗ್ರಿಯಲ್ಲಿ ಒತ್ತಡ 488.4, 25ರಲ್ಲಿ 665.4. ಅಂದರೆ 20ರ ಸುತ್ತ ಡಿಗ್ರಿಗೆ 17.7 ಕಿಲೊಪಾಸ್ಕಲ್ ಏರುತ್ತದೆ. ಆ 17.7ನ್ನು 293 ಕೆಲ್ವಿನ್‌ನಿಂದಲೂ 0.0352 ಘನ ಮೀಟರ್‌ನಿಂದಲೂ ಗುಣಿಸಿ. ಮತ್ತೆ 182.6. ಕ್ಲಾಪೆರಾನ್ ಬರೆದ ಮೂಲ ಸಂಬಂಧ ಇದೇ. ಇದರಲ್ಲಿ ಯಾವ ಊಹೆಯೂ ಇಲ್ಲ. ಕೇವಲ ಪಾತ್ರೆ, ಥರ್ಮಾಮೀಟರ್, ಗೇಜ್ ಇಟ್ಟುಕೊಂಡು, ಒಂದು ತೊಟ್ಟೂ ಶಾಖ ಅಳೆಯದೆ, ಆವಿಯಾಗಲು ಎಷ್ಟು ಶಾಖ ಬೇಕು ಅಂತ ಹೇಳಬಹುದು. ನಲವತ್ತು ವರ್ಷ ಪಾಠ ಮಾಡಿದರೂ ನನಗೆ ಇದರ ಬೆರಗು ಹೋಗಿಲ್ಲ.

ತುಂಗೆ ದಡ:

ಸರ್, ಇದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಪುಸ್ತಕದಲ್ಲಿ ಸೂತ್ರ ಕೊಟ್ಟಿದ್ದಾರೆ, ಊಹೆಗಳನ್ನೂ ಬರೆದಿದ್ದಾರೆ. ಅವುಗಳ ಬೆಲೆ ಶೇಕಡಾ 19 ಅಂತ ಈಗ ಗೊತ್ತಾಯಿತು. ಆದರೆ 36.0 ಲೀಟರ್ ಅನ್ನುವುದನ್ನು ಟೇಬಲ್‌ನಿಂದ ತಗೊಂಡರೆ ನಾವು ಅಳೆದ ಹಾಗೆ ಆಗುವುದಿಲ್ಲ ಅಲ್ವಾ? ಆವಿಯ ಸಾಂದ್ರತೆಯನ್ನು ನಮ್ಮ ಲ್ಯಾಬಿನಲ್ಲೇ ಅಳೆಯಲು ದಾರಿ ಇದೆಯಾ?

ಕೊಪ್ಪದಿಂದ ಬೆಂಗಳೂರಿಗೆ:

ಇದೆ, ನಿಮ್ಮ ಪಾತ್ರೆಯಲ್ಲೇ ಆಗುತ್ತದೆ. ಈ ಸಲ 100 ಗ್ರಾಂ ಹಾಕಬೇಡಿ. ಲೀಟರಿಗೆ 28 ಗ್ರಾಂ ಹತ್ತಿರ ಹಾಕಿ. ತೂಕ ಪಕ್ಕಾ ಗೊತ್ತಿರಬೇಕು. ತಣ್ಣಗಿನಿಂದ ಶುರು ಮಾಡಿ, ನಿಧಾನಕ್ಕೆ ಬಿಸಿ ಮಾಡುತ್ತಾ ಒತ್ತಡ ಬರೆದುಕೊಳ್ಳಿ. ಮೊದಲು ಡಿಗ್ರಿಗೆ 17 ಕಿಲೊಪಾಸ್ಕಲ್‌ನಂತೆ ಕಡಿದಾಗಿ ಏರುತ್ತದೆ. 20 ಡಿಗ್ರಿ ಸುಮಾರಿಗೆ ಕೊನೇ ಹನಿ ದ್ರವವೂ ಆವಿಯಾಗುತ್ತದೆ. ಅಲ್ಲಿಂದ ಮುಂದೆ ಡಿಗ್ರಿಗೆ ಎರಡು ಮೂರು ಕಿಲೊಪಾಸ್ಕಲ್ ಮಾತ್ರ. ಗ್ರಾಫಿನಲ್ಲಿ ಗೆರೆ ಮುರಿದ ಹಾಗೆ ಕಾಣುತ್ತದೆ. ಎರಡು ಗೆರೆ ಕೂಡುವ ಜಾಗದಲ್ಲಿ ಇಡೀ ಪಾತ್ರೆ ಸ್ಯಾಚುರೇಟೆಡ್ ಆವಿಯಿಂದ (ಇನ್ನು ಸ್ವಲ್ಪ ತಣ್ಣಗಾದರೂ ದ್ರವವಾಗಲು ಶುರುವಾಗುವ ಆವಿ) ತುಂಬಿರುತ್ತದೆ. ತೂಕವನ್ನು ಪಾತ್ರೆಯ ಅಳತೆಯಿಂದ ಭಾಗಿಸಿದರೆ ಆ ಉಷ್ಣಾಂಶದ ಸಾಂದ್ರತೆ ಬಂತು. ಕಿಟಕಿ ಬೇಡ, ಕ್ಯಾಮರಾ ಬೇಡ.

ಪಾತ್ರೆಯ ಅಳತೆಗೆ ನೀರು ತುಂಬಿ ತೂಗಿ. 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಲೀಟರಿಗೆ 997 ಗ್ರಾಂ. ಆಮೇಲೆ ಪೂರ್ತಿ ಒಣಗಿಸಿ. ತೇವ ಉಳಿದರೆ ಎಲ್ಲ ಅಳತೆಯೂ ಕೆಡುತ್ತದೆ.

ಪಾತ್ರೆಯ ಅಳತೆಯೂ ಬೇಡ, ತೂಕವೂ ಬೇಡ ಅನ್ನುವ ವಿಧಾನವೂ ಒಂದಿದೆ. ಬರ್ನೆಟ್ 1936ರಲ್ಲಿ ಕೊಟ್ಟದ್ದು. ಎರಡು ಪಾತ್ರೆ, ನಡುವೆ ವಾಲ್ವ್. ಒಂದರಲ್ಲಿ ಗ್ಯಾಸ್, ಇನ್ನೊಂದು ಖಾಲಿ. ವಾಲ್ವ್ ತೆಗೆದು ಗ್ಯಾಸ್ ಹರಡಲು ಬಿಟ್ಟು, ಮೊದಲಿನ ಮತ್ತು ಆಮೇಲಿನ ಒತ್ತಡ ಬರೆದುಕೊಳ್ಳಬೇಕು. ಎರಡನೆಯದನ್ನು ಮತ್ತೆ ಖಾಲಿ ಮಾಡಿ, ಮತ್ತೆ ಹರಡಬೇಕು. ಒತ್ತಡ ಕಡಿಮೆ ಆಗುತ್ತಾ ಹೋದಂತೆ ಗ್ಯಾಸ್ ಆದರ್ಶಕ್ಕೆ ಹತ್ತಿರ ಬರುತ್ತದೆ, ಒತ್ತಡಗಳ ಅನುಪಾತ ಒಂದು ಸ್ಥಿರ ಸಂಖ್ಯೆಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಪ್ರತಿ ಒತ್ತಡದಲ್ಲೂ ಆವಿ ಆದರ್ಶದಿಂದ ಎಷ್ಟು ದೂರ ಇತ್ತು ಅಂತ ಸಿಗುತ್ತದೆ. ಇವತ್ತು ನಾವೆಲ್ಲ ಬಳಸುವ ಆರ್-134ಎ ಸಮೀಕರಣ ಟಿಲ್ನರ್-ರಾತ್ ಮತ್ತು ಬೇರ್ 1994ರಲ್ಲಿ ಕೊಟ್ಟದ್ದು. ಅದರ ಹಿಂದೆ ಇರುವುದು ಒತ್ತಡ, ಸಾಂದ್ರತೆ, ಶಾಖಧಾರಣೆ, ಶಬ್ದದ ವೇಗ ಇಂಥವುಗಳ ಅಳತೆಗಳು. ಟೇಬಲ್ ಆಕಾಶದಿಂದ ಬಿದ್ದದ್ದಲ್ಲ. ಯಾರೋ ತೊಟ್ಟಿಯ ಮುಂದೆ ಕೂತು ಅಳೆದದ್ದು.

ಹೊಸನಗರದ ಪಶುವೈದ್ಯೆ:

ಮಧ್ಯೆ ಬರುತ್ತಿದ್ದೇನೆ. ಗಾಳಿ ತೆಗೆಯುವ ಬಗ್ಗೆ ಯಾರೂ ಇನ್ನೂ ಹೇಳಿಲ್ಲ. ಒಳ್ಳೆಯ ಪಂಪ್ ತಂದು ಮೊದಲಿಂದ ತುಂಬಿದರೂ, ಸಿಲಿಂಡರಿನಲ್ಲೇ ಗಾಳಿ ಇದ್ದರೆ ಏನು ಮಾಡುತ್ತೀರಿ? ಎಂಎಸ್ಸಿ ಓದುವಾಗ ನನ್ನ ತಂಗಿ ದ್ರವಗಳನ್ನು ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸಿ ಗಾಳಿ ತೆಗೆಯುತ್ತಿದ್ದಳು. ನಮ್ಮಲ್ಲಿ ದನಗಳ ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡಲು ದ್ರವ ಸಾರಜನಕ ಇರುತ್ತದೆ, ಮೈನಸ್ 196 ಡಿಗ್ರಿ. ಇಲಾಖೆಯದ್ದನ್ನು ಕೊಡಲು ಬರುವುದಿಲ್ಲ, ಆದರೆ ಅದನ್ನು ಮಾರುವವರು ಇದ್ದಾರೆ. ಆ ಗ್ಯಾಸ್ ಅಷ್ಟು ತಣ್ಣಗೆ ಹೆಪ್ಪುಗಟ್ಟುತ್ತದಾ?

ತೀರ್ಥಹಳ್ಳಿ ಮೇಷ್ಟ್ರು:

ಮೇಡಂ, ಒಳ್ಳೆಯ ಮಾತು. ಆರ್-134ಎ ಮೈನಸ್ 103 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ದ್ರವ ಸಾರಜನಕದಲ್ಲಿ ಪಾತ್ರೆಯ ತಳ ಮುಳುಗಿಸಿದರೆ ಗ್ಯಾಸ್ ಗಟ್ಟಿಯಾಗಿ ಕೂರುತ್ತದೆ, ಗಾಳಿ ಮೇಲೆ ಉಳಿಯುತ್ತದೆ. ಆಗ ಪಂಪ್ ಹಾಕಿ ಎಳೆಯಬೇಕು. ವಾಲ್ವ್ ಮುಚ್ಚಿ ಕರಗಿಸಿದರೆ ದ್ರವದಲ್ಲಿ ಕರಗಿದ್ದ ಗಾಳಿಯೂ ಹೊರಬರುತ್ತದೆ. ಮತ್ತೆ ಹೆಪ್ಪುಗಟ್ಟಿಸಿ, ಮತ್ತೆ ಎಳೆಯಬೇಕು. ಒತ್ತಡ ಬದಲಾಗದೆ ನಿಲ್ಲುವವರೆಗೆ.

ಆದರೆ ಅಂತಿಮ ವರ್ಷದ ಮಕ್ಕಳಿಗೆ ನಾನು ದ್ರವ ಸಾರಜನಕ ಹೇಳುವುದಿಲ್ಲ. ಪಾತ್ರೆಯಲ್ಲಿ ಸಣ್ಣ ಸೋರಿಕೆ ಇದ್ದರೆ ಹೊರಗಿನ ಆಮ್ಲಜನಕ ಅಲ್ಲಿ ದ್ರವವಾಗಿ ಸೇರುತ್ತದೆ. ಅದು ದ್ರವವಾಗುವುದು ಮೈನಸ್ 183ಕ್ಕೆ. ವಾಲ್ವ್ ಮುಚ್ಚಿ ಬಿಸಿ ಮಾಡಿದರೆ ಪಾತ್ರೆ ಸಿಡಿಯಬಹುದು. ಮುಚ್ಚಿದ ಕೋಣೆಯಲ್ಲಿ ಸಾರಜನಕ ಚೆಲ್ಲಿದರೆ ಉಸಿರಾಡುವ ಗಾಳಿಯೇ ಕಡಿಮೆ ಆಗುತ್ತದೆ. ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಸಾಕು. ಮೈನಸ್ 78 ಡಿಗ್ರಿಯಲ್ಲಿ ಆರ್-134ಎ ದ್ರವವಾಗೇ ಇರುತ್ತದೆ, ಆದರೆ ಅದರ ಒತ್ತಡ ಸುಮಾರು 4 ಕಿಲೊಪಾಸ್ಕಲ್ ಮಾತ್ರ. ನಿಮ್ಮ ಗಾಳಿಯ ಪಾಲು ಅಲ್ಲಿ 18 ಹತ್ತಿರ ಇರುತ್ತದೆ. ಸ್ವಲ್ಪ ಹೊತ್ತು ಪಂಪ್ ಮಾಡಿದರೆ ಗಾಳಿಯೇ ಹೆಚ್ಚು ಹೋಗುತ್ತದೆ, ಗ್ಯಾಸ್ ಕಡಿಮೆ ನಷ್ಟ. ಪಂಪ್ ಮಾತ್ರ 28 ಇಂಚಿಗೆ ಹೋಗುವಂಥದ್ದು ಬೇಕು.

ಸಾಗರದ ಕಂಪ್ರೆಸರ್:

ಎರಡು ಸ್ಟೇಜಿನ ಪಂಪ್ ನನ್ನ ಹತ್ತಿರ ಇದೆ. ಎಣ್ಣೆ ಹೋದ ತಿಂಗಳು ಬದಲಾಯಿಸಿದ್ದೇನೆ. ಬೇಕಾದರೆ ತಗೊಂಡು ಹೋಗು ತಮ್ಮಾ. ಹೋಸ್‌ನಲ್ಲಿ ಉಳಿದ ಗಾಳಿಯನ್ನೂ ಮರೆಯಬೇಡ. ಎಷ್ಟೋ ಜನ ಪಾತ್ರೆ ಖಾಲಿ ಮಾಡುತ್ತಾರೆ, ಹೋಸ್ ಮರೆಯುತ್ತಾರೆ. ಸಿಲಿಂಡರಿನ ವಾಲ್ವ್ ತನಕ ಎಲ್ಲವನ್ನೂ ಒಟ್ಟಿಗೆ ಎಳಿ.

ಇನ್ನೊಂದು ವಿಷಯ. ಸಿಲಿಂಡರನ್ನು ತಲೆಕೆಳಗು ಮಾಡಿ ದ್ರವವಾಗೇ ತುಂಬು. ಗಾಳಿ ಇದ್ದರೂ ಹೆಚ್ಚಿನದು ಮೇಲೇ ಇರುತ್ತದೆ. ಮತ್ತೆ ಈ ಕೆಲಸಕ್ಕೆ 407ಸಿ ತರಹದ ಮಿಶ್ರಣದ ಗ್ಯಾಸ್ ಬೇಡ. ಅದರಲ್ಲಿ ಆವಿಯ ಮಿಶ್ರಣವೇ ಬೇರೆ, ದ್ರವದ್ದೇ ಬೇರೆ. ಒಂದು ಉಷ್ಣಾಂಶಕ್ಕೆ ಒಂದೇ ಒತ್ತಡ ಅನ್ನೋ ನಿಮ್ಮ ಲೆಕ್ಕ ಅಲ್ಲಿ ಕೂರಲ್ಲ.

ಕೊಪ್ಪದಿಂದ ಬೆಂಗಳೂರಿಗೆ:

ಉಷ್ಣಾಂಶದ ಬಗ್ಗೆ ಸ್ವಲ್ಪ. ಎಲ್ಲರೂ ಗೇಜಿಗೆ ದುಡ್ಡು ಹಾಕುತ್ತಾರೆ, ಥರ್ಮಾಮೀಟರನ್ನು ಅಸಡ್ಡೆ ಮಾಡುತ್ತಾರೆ. 20 ಡಿಗ್ರಿ ಹತ್ತಿರ 0.1 ಡಿಗ್ರಿ ತಪ್ಪಿದರೆ ಒತ್ತಡದಲ್ಲಿ 1.8 ಕಿಲೊಪಾಸ್ಕಲ್ ತಪ್ಪಿದ ಹಾಗೆ. ಪಿಟಿ-100 ಸೆನ್ಸರ್ (ಪ್ಲಾಟಿನಂನ ವಿದ್ಯುತ್ ರೋಧದಿಂದ ಉಷ್ಣಾಂಶ ಹೇಳುವಂಥದ್ದು) ಬಳಸಿ, ನಾಲ್ಕು ತಂತಿಯದ್ದು. 0 ಡಿಗ್ರಿಯಲ್ಲಿ 100 ಓಮ್, ಡಿಗ್ರಿಗೆ 0.39 ಓಮ್ ಏರುತ್ತದೆ. ಡಿಸ್ಟಿಲ್ಡ್ ನೀರಿನ ಐಸನ್ನು ಪುಡಿ ಮಾಡಿ, ಅದೇ ನೀರು ಹಾಕಿ, ಅದರಲ್ಲಿ ಸೆನ್ಸರ್ ಇಟ್ಟು 0 ನೋಡಿಕೊಳ್ಳಿ.

ಮಳೆಗಾಲದಲ್ಲಿ ನಿಮ್ಮ ಲ್ಯಾಬ್ ಎಷ್ಟಿರುತ್ತದೆ? 22, 23? ತೊಟ್ಟಿ 40ರಲ್ಲಿದ್ದು, ಗೇಜಿನ ಕೊಳವೆ ಹೊರಗೆ 22ರಲ್ಲಿದ್ದರೆ ಆವಿ ಆ ಕೊಳವೆಗೆ ಹೋಗಿ ದ್ರವವಾಗುತ್ತದೆ. ಒತ್ತಡ ನಿಲ್ಲದೆ ಅಲುಗುತ್ತದೆ. ನಿಂತರೂ ಕೊಳವೆಯಲ್ಲಿ 10 ಸೆಂಟಿಮೀಟರ್ ದ್ರವ ಇದ್ದರೆ 1.2 ಕಿಲೊಪಾಸ್ಕಲ್ ವ್ಯತ್ಯಾಸ. ಕೊಳವೆಗೆ ಹೀಟಿಂಗ್ ಟೇಪ್ ಸುತ್ತಿ, ತೊಟ್ಟಿಗಿಂತ ಒಂದೆರಡು ಡಿಗ್ರಿ ಬಿಸಿ ಇಡಿ.

ಮಲೆನಾಡಿನ ಇನ್ನೊಂದು ತೊಂದರೆ ತೂಕದ್ದು. ತಣ್ಣಗಿನ ಪಾತ್ರೆಯನ್ನು ತೊಟ್ಟಿಯಿಂದ ತೆಗೆದ ಕೂಡಲೇ ಮೈಮೇಲೆ ನೀರು ಕೂರುತ್ತದೆ. 28 ಗ್ರಾಂ ಅಳೆಯುವಾಗ ಆ ನೀರಿನ ತೂಕ ಸಣ್ಣದಲ್ಲ. ಕೋಣೆಯ ಉಷ್ಣಾಂಶಕ್ಕೆ ಬರುವ ತನಕ ಕಾದು, ಒರೆಸಿ, ಒಣಗಿದ ಮೇಲೇ ತೂಗಿ.

ತುಂಗೆ ದಡ:

ಎಲ್ಲ ಬರೆದುಕೊಂಡೆ. ಇನ್ನೊಂದು ಗೊಂದಲ ಇದೆ. ಒಂದು ಪುಸ್ತಕದಲ್ಲಿ 0 ಡಿಗ್ರಿ ದ್ರವದ ಎಂಥಾಲ್ಪಿ (ಶಾಖದ ಲೆಕ್ಕಕ್ಕೆ ಬಳಸುವ ಶಕ್ತಿಯ ಅಂಕಿ) ಕಿಲೋಗೆ 200 ಕಿಲೊಜೂಲ್ ಇದೆ. ಇನ್ನೊಂದರಲ್ಲಿ 52ರ ಹತ್ತಿರ ಇದೆ. ಯಾವುದು ಸರಿ?

ಕೊಪ್ಪದಿಂದ ಬೆಂಗಳೂರಿಗೆ:

ಎರಡೂ ಸರಿ. ಎಂಥಾಲ್ಪಿಗೆ ಸೊನ್ನೆ ಎಲ್ಲಿ ಅಂತ ನಾವೇ ಇಟ್ಟುಕೊಳ್ಳುವುದು. ಒಂದು ಪದ್ಧತಿಯಲ್ಲಿ 0 ಡಿಗ್ರಿ ದ್ರವಕ್ಕೆ 200 ಅಂತ ಇಡುತ್ತಾರೆ, ಇನ್ನೊಂದರಲ್ಲಿ ಮೈನಸ್ 40 ಡಿಗ್ರಿ ದ್ರವಕ್ಕೆ 0. ವ್ಯತ್ಯಾಸಗಳು ಒಂದೇ. 0 ಡಿಗ್ರಿಯ ಗುಪ್ತೋಷ್ಣ ಎರಡರಲ್ಲೂ 198.6 ಬರುತ್ತದೆ. ಒಂದು ಅಂಕಿ ಈ ಪುಸ್ತಕದಿಂದ, ಇನ್ನೊಂದು ಆ ಪುಸ್ತಕದಿಂದ ತಗೊಂಡು ಕಳೆಯಬೇಡಿ, ಅಷ್ಟೇ.

ಹೊಸನಗರದ ಪಶುವೈದ್ಯೆ:

ಕೆಲಸ ಮುಗಿದ ಮೇಲೆ ಆ ಗ್ಯಾಸ್ ಏನು ಮಾಡುತ್ತೀರಿ? ಸುಮ್ನೆ ಕಿಟಕಿ ತೆಗೆದು ಬಿಡಬೇಡಿ. ಓಝೋನ್‌ಗೆ ತೊಂದರೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಕ್ಲೋರಿನ್ ಇಲ್ಲ, ನಿಜ. ಆದರೆ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 1430 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ನಿಮ್ಮ 100 ಗ್ರಾಂ ಬಿಟ್ಟರೆ 143 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. 2016ರ ಕಿಗಾಲಿ ಒಪ್ಪಂದ ಇಂಥ ಗ್ಯಾಸುಗಳನ್ನು ಕಡಿಮೆ ಮಾಡಲೆಂದೇ ಆದದ್ದು. ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಈ ವರ್ಷ ಮಳೆ ಹೇಗೆ ಬಂತು ಅಂತ ನಮ್ಮ ಅಡಿಕೆ ತೋಟದವರನ್ನು ಕೇಳಿ ನೋಡಿ. ನನಗೆ ಇದು ದೂರದ ವಿಷಯ ಅನ್ನಿಸುವುದಿಲ್ಲ.

ಸಾಗರದ ಕಂಪ್ರೆಸರ್:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕೆಲಸದವರೇ ದಿನಾ ಗಾಳಿಗೆ ಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ವಾಪಸ್ ತಗೊಳ್ಳೋದು ಸುಲಭ. ಖಾಲಿ ಮಾಡಿದ ರಿಕವರಿ ಸಿಲಿಂಡರನ್ನು ಐಸಿನಲ್ಲಿ ಇಟ್ಟು, ಪಾತ್ರೆಯನ್ನು ಬಿಸಿ ನೀರಿನಲ್ಲಿ ಇಟ್ಟು, ಎರಡನ್ನೂ ಕೂಡಿಸು. ಗ್ಯಾಸ್ ತಾನಾಗೇ ತಣ್ಣಗಿನ ಕಡೆ ಹೋಗುತ್ತದೆ. ಸಿಲಿಂಡರ್ ಶೇಕಡಾ 80ಕ್ಕಿಂತ ಜಾಸ್ತಿ ತುಂಬಬಾರದು. ಪೂರ್ತಿ ದ್ರವ ತುಂಬಿದ ಸಿಲಿಂಡರ್ ಬಿಸಿಲಿಗೆ ಬಿದ್ದರೆ ಒಡೆದೇ ಹೋಗುತ್ತದೆ. ಹತ್ತಿರ ಬೆಂಕಿ ಬೇಡ. ಈ ಗ್ಯಾಸ್ ಜ್ವಾಲೆಗೆ ಸಿಕ್ಕರೆ ಆಸಿಡ್ ಹೊಗೆ ಆಗುತ್ತದೆ, ಗಂಟಲು ಕಿತ್ತು ಬರುತ್ತದೆ.

ತುಂಗೆ ದಡ:

ಸಾಗರದ ಅಣ್ಣನ ಪಂಪ್ ತಂದು, ಡ್ರೈ ಐಸ್ ಬಳಸಿ, ಎಲ್ಲವನ್ನೂ ಮತ್ತೆ ಮಾಡಿದೆವು. ವಾತಾವರಣದ ಒತ್ತಡವನ್ನು ಫಿಸಿಕ್ಸ್ ಲ್ಯಾಬಿನ ಬಾರೊಮೀಟರ್‌ನಿಂದ ತಗೊಂಡೆವು. ಗೇಜಿನ ಕೊಳವೆಗೆ ಹೀಟಿಂಗ್ ಟೇಪ್ ಸುತ್ತಿದೆವು.

ಈಗ 0 ಡಿಗ್ರಿಯಲ್ಲಿ 293.6, 20ರಲ್ಲಿ 573, 40ರಲ್ಲಿ 1018.5. ಮತ್ತಷ್ಟು ಗ್ಯಾಸ್ ತುಂಬಿ ನೋಡಿದರೂ ಒತ್ತಡ ಬದಲಾಗಲಿಲ್ಲ. ಅದನ್ನು ನೋಡಿದಾಗ ಆದ ಖುಷಿಯೇ ಬೇರೆ.

ನೀರಿನಿಂದ ಅಳೆದಾಗ ಪಾತ್ರೆ 1.012 ಲೀಟರ್. 28.1 ಗ್ರಾಂ ಹಾಕಿ ಬಿಸಿ ಮಾಡಿದೆವು. ಗೆರೆ ಮುರಿದದ್ದು 20 ಡಿಗ್ರಿಯ ಹತ್ತಿರವೇ. ಸಾಂದ್ರತೆ ಲೀಟರಿಗೆ 27.8 ಗ್ರಾಂ. ಅದರಿಂದ ಆವಿಯ ಕಂಪ್ರೆಸಿಬಿಲಿಟಿ ಫ್ಯಾಕ್ಟರ್ (ನಿಜವಾಗಿ ಹಿಡಿಯುವ ಜಾಗ ಭಾಗಿಸು ಆದರ್ಶ ಅನಿಲದ ಜಾಗ) 0.864 ಬಂತು. ದ್ರವದ ಪಾಲು 0.02 ಕಳೆದರೆ 0.844. ಲಾಗ್ ಗೆರೆಯಿಂದ ಬಂದದ್ದು ಮೇಷ್ಟ್ರು ಹೇಳಿದ ಹಾಗೇ 217. ಗುಣಿಸಿದರೆ 183. ದ್ರವದ ಸಾಂದ್ರತೆ ಒಂದನ್ನು ಮಾತ್ರ ಟೇಬಲ್‌ನಿಂದ ತಗೊಂಡಿದ್ದೇವೆ.

ವರದಿಯಲ್ಲಿ 205 ಹೇಗೆ ಬಂದಿತ್ತು, ಯಾಕೆ ಅದು ತಪ್ಪು ಅನ್ನುವುದನ್ನೂ ಒಂದು ಅಧ್ಯಾಯ ಮಾಡುತ್ತಿದ್ದೇವೆ.

ತೀರ್ಥಹಳ್ಳಿ ಮೇಷ್ಟ್ರು:

ಓದಿ ಬಹಳ ಸಂತೋಷವಾಯಿತು. ಆ ಅಧ್ಯಾಯವನ್ನು ಯಾರು ಹೇಳಿದರೂ ತೆಗೆಯಬೇಡಿ.

ಸಾಗರದ ಕಂಪ್ರೆಸರ್:

ತಮ್ಮಾ, ಶಭಾಷ್. ಈಗ ನನ್ನದೊಂದು ಕೆಲಸ ಇದೆ. ಮೊನ್ನೆ ಕಡಿಮೆ ರೇಟಿಗೆ ಒಂದು 134ಎ ಸಿಲಿಂಡರ್ ಬಂತು. ಒತ್ತಡ ಚಾರ್ಟಿಗೆ ಹತ್ತಿರ ಇದೆ, ಆದರೂ ನನಗೆ ನಂಬಿಕೆ ಬರ್ತಿಲ್ಲ. ಸಿಲಿಂಡರಿನ ಪ್ರಿಂಟ್ ಮಾಸಿದೆ. ನಿಮ್ಮ ಪಾತ್ರೆಯಲ್ಲಿ ಒಳಗಿರೋದು ಏನು ಅಂತ ಗೊತ್ತಾಗುತ್ತದಾ?

ಕೊಪ್ಪದಿಂದ ಬೆಂಗಳೂರಿಗೆ:

ಅಣ್ಣ, ಅದನ್ನು ಯಾವ ಗಾಡಿಗೂ ಹಾಕಬೇಡಿ. ನಕಲಿ 134ಎಯಲ್ಲಿ ಆರ್-40, ಅಂದರೆ ಮೀಥೈಲ್ ಕ್ಲೋರೈಡ್, ಸಿಕ್ಕಿರುವುದು ಉಂಟು. ಅದು ಮೈನಸ್ 24ಕ್ಕೆ ಕುದಿಯುತ್ತದೆ, 134ಎ ಮೈನಸ್ 26ಕ್ಕೆ. ಬೇರೆ ಗ್ಯಾಸ್ ಬೆರೆಸಿ ಒತ್ತಡ ಹೊಂದಿಸಿರುತ್ತಾರೆ, ಹಾಗಾಗಿ ಒತ್ತಡದ ಚಾರ್ಟಿನಲ್ಲಿ ಸಿಕ್ಕಿಬೀಳುವುದಿಲ್ಲ. ಆರ್-40 ಅಲ್ಯೂಮಿನಿಯಂ ಜೊತೆ ಸೇರಿದರೆ ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುವ ವಸ್ತು ಆಗುತ್ತದೆ. 2011ರಲ್ಲಿ ಹಡಗಿನ ಶೀತಲ ಕಂಟೇನರುಗಳು ಇದರಿಂದಲೇ ಸಿಡಿದು ಜನ ಸತ್ತರು.

ತೂಕದಲ್ಲಿ ಮಾತ್ರ ಅದು ಅಡಗಿಕೊಳ್ಳುವುದು ಕಷ್ಟ. 134ಎ ಅಣುತೂಕ 102, ಆರ್-40ದು 50.5. ಶಿವಮೊಗ್ಗದ ವಾತಾವರಣದ ಒತ್ತಡದಲ್ಲಿ, 25 ಡಿಗ್ರಿಯಲ್ಲಿ, ಒಂದು ಲೀಟರ್ 134ಎ ಆವಿ ಸುಮಾರು 4 ಗ್ರಾಂ ತೂಗುತ್ತದೆ. ಆರ್-40 ಆದರೆ 2 ಗ್ರಾಂ ಹತ್ತಿರ. ಮಿಶ್ರಣ ಆದರೆ ನಡುವೆ ಎಲ್ಲೋ ಬರುತ್ತದೆ. ಅಕ್ಕಸಾಲಿಗರ ತಕ್ಕಡಿಗೂ ಗೊತ್ತಾಗುವಷ್ಟು ವ್ಯತ್ಯಾಸ.

ತುಂಗೆ ದಡ:

ಅಣ್ಣ, ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿರುತ್ತದೆ. ಪಾತ್ರೆ ಖಾಲಿ ಮಾಡಿ, ತೂಗಿ ಇಟ್ಟಿರುತ್ತೇನೆ. ನಿಮ್ಮ ಪಂಪನ್ನೂ ಅವತ್ತೇ ವಾಪಸ್ ಕೊಡುತ್ತೇನೆ.

ತೀರ್ಥಹಳ್ಳಿ ಮೇಷ್ಟ್ರು:

ಒಳಗೆ ಬೇಡ, ಹೊರಗಿನ ಜಗಲಿಯಲ್ಲಿ ಮಾಡಿ. ಮೀಥೈಲ್ ಕ್ಲೋರೈಡ್ ವಿಷ, ಹೊತ್ತಿಕೊಳ್ಳುವಂಥದ್ದೂ ಹೌದು. ಸ್ಟೀಲ್ ಪಾತ್ರೆ ಸರಿ, ಆದರೆ ಗೇಜ್ ಮ್ಯಾನಿಫೋಲ್ಡ್ ಅಲ್ಯೂಮಿನಿಯಂದು ಆಗಿದ್ದರೆ ಅದನ್ನು ಈ ಸಿಲಿಂಡರಿಗೆ ಹಚ್ಚಬೇಡಿ, ಹಿತ್ತಾಳೆಯದ್ದು ತನ್ನಿ. ಒಂದು ಲೀಟರ್ ಆವಿ ಸಾಕು. 4 ಗ್ರಾಂಗಿಂತ ಸ್ಪಷ್ಟವಾಗಿ ಕಡಿಮೆ ಬಂದರೆ ವಾಲ್ವ್ ಮುಚ್ಚಿ, ಸಿಲಿಂಡರಿನ ಮೇಲೆ "ಬಳಸಬೇಡಿ" ಅಂತ ದೊಡ್ಡದಾಗಿ ಬರೆದು ಮಾರಿದವರಿಗೇ ವಾಪಸ್ ಮಾಡಿ. ಎಷ್ಟು ತೂಗಿತು ಅಂತ ಇಲ್ಲೇ ಹಾಕಿ, ಬೇರೆ ಮೆಕ್ಯಾನಿಕ್‌ಗಳಿಗೂ ಗೊತ್ತಾಗಲಿ.